ಒಣಗದ ವಿಮಾನ

ನಮ್ಮ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಸಂತೋಷನ ಮನೆ ಎಲ್ಲಿ ಎಂದು ಕೇಳಿದರೆ, "ಯಾವ ಸಂತೋಷ, ಇಮಾನದ ಸಂತೋಷನಾ?" ಎಂದು ತಿರುಗಿ ಕೇಳುತ್ತಾರೆ. ಕೇಳುವಾಗ ತುಟಿಯ ಅಂಚಿನಲ್ಲಿ ಒಂದು ನಗು ಇರುತ್ತದೆ. ಹೊಸಬರು ಅದನ್ನು ಗೌರವ ಎಂದು ತಿಳಿದು, ನಾನು ಪೈಲಟ್ಟೋ, ಕನಿಷ್ಠ ವಿಮಾನದೊಳಗೆ ಕಾಫಿ ಕೊಡುವವನೋ ಇರಬೇಕು ಎಂದುಕೊಳ್ಳುತ್ತಾರೆ. ನಾನು ಎರಡೂ ಅಲ್ಲ. ದೇವನಹಳ್ಳಿ ವಿಮಾನ ನಿಲ್ದಾಣದ ಹತ್ತಿರದ ಒಂದು ಗೋಡೌನಿನಲ್ಲಿ, ಹೊರದೇಶಕ್ಕೆ ಹೋಗುವ ಗುಲಾಬಿ ಹೂವಿನ ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸುವ ಕೆಲಸ ನನ್ನದು. ಹೂವು ಸಮುದ್ರ ದಾಟುತ್ತದೆ, ನಾನು ಸಂಜೆ ದೊಡ್ಡಬಳ್ಳಾಪುರದ ಬಸ್ಸು ಹಿಡಿಯುತ್ತೇನೆ. ನಲವತ್ತು ದಾಟಿ ಆಗಲೇ ಕೆಲವು ವರ್ಷವಾಯಿತು, ಇನ್ನೂ ವಿಮಾನ ಹತ್ತಿಲ್ಲ. ಆದರೂ ನಮ್ಮ ಬೀದಿಯ ಮಟ್ಟಿಗೆ ವಿಮಾನದ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತು. ಎಲ್ಲೋ ಒಂದು ವಿಮಾನ ಕೆಟ್ಟು ನಿಂತ ಸುದ್ದಿ ಟಿವಿಯಲ್ಲಿ ಬಂದರೆ ಸಾಕು, ಜಗುಲಿಯ ಮೇಲೆ ಕೂತು ಕಾರಣ ಬಿಡಿಸಿ ಹೇಳುತ್ತೇನೆ. ನಾನು ಹೇಳಿದ್ದು ತಪ್ಪು ಎಂದು ಹೇಳಬಲ್ಲವರು ಆ ಜಗುಲಿಯಲ್ಲಿ ಯಾರೂ ಇರುವುದಿಲ್ಲ.

ಈ ಹುಚ್ಚು ಹತ್ತಿಸಿದವನು ಅಮ್ಮನ ತಮ್ಮ, ಮುನೀಂದ್ರ ಮಾವ. ಬೆಂಗಳೂರಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಹಬ್ಬಕ್ಕೆ ಬರುತ್ತಾ ಒಂದು ರಟ್ಟಿನ ಡಬ್ಬಿ ತಂದುಕೊಟ್ಟ. ಡಬ್ಬಿಯ ಮೇಲೆ ಮೋಡ ಸೀಳಿಕೊಂಡು ಬೆಂಕಿ ಉಗುಳುತ್ತಾ ಬರುವ ಯುದ್ಧವಿಮಾನದ ಚಿತ್ರವಿತ್ತು. ಯಲಹಂಕದ ಕಡೆಯಿಂದ ಎದ್ದು ನಮ್ಮ ತಾರಸಿಯ ಮೇಲೆ ಗುಡುಗಿಕೊಂಡು ಹೋಗುವ ವಿಮಾನಗಳನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹುಡುಗ ನಾನು. ಅವುಗಳಲ್ಲಿ ಒಂದು ಇಳಿದು ಬಂದು ಡಬ್ಬಿಯಲ್ಲಿ ಕೂತಿದೆ ಎಂದೇ ಮುಚ್ಚಳ ತೆಗೆದೆ. ಒಳಗೆ ವಿಮಾನ ಇರಲಿಲ್ಲ. ಕರಿಬೇವಿನ ಕಡ್ಡಿಗೆ ಎಲೆ ಇರುವ ಹಾಗೆ ಪ್ಲಾಸ್ಟಿಕ್ ಕಡ್ಡಿಗಳ ತುಂಬ ಬೂದು ಬಣ್ಣದ ಚೂರುಗಳು ಅಂಟಿಕೊಂಡಿದ್ದವು.

ಅಮ್ಮ ಇಣುಕಿ ನೋಡಿದಳು. "ಅಯ್ಯೋ, ಒಡೆದೋಗಿರೋದನ್ನ ಕೊಟ್ಟು ಕಳ್ಸವ್ರೆ ಕಣೋ ಮುನೀಂದ್ರ. ನಾಳಿಕ್ಕೆ ಬದಲಾಯಿಸ್ಕೊಂಡು ಬಾ."

"ಒಡೆದಿಲ್ಲ ಅಕ್ಕಾ, ಇದು ಹಿಂಗೇ ಬರೋದು. ನಾವೇ ಅಂಟಿಸ್ಕೋಬೇಕು."

"ಕಾಸು ಕೊಟ್ಟು ತಂದು ನಾವೇ ಮಾಡ್ಕೋಬೇಕಾ? ಹಂಗಾರೆ ಅವ್ರೇನ್ ಮಾಡಿದ್ರು?"

ಮಾವ ಡಬ್ಬಿಯ ಮುಚ್ಚಳ ಹಾಕಿ ನನ್ನ ಕೈಗಿಟ್ಟ. ಅವರೇನು ಮಾಡಿದರು ಎಂದು ನಾನು ಇವತ್ತಿಗೂ ಯೋಚಿಸುತ್ತಿದ್ದೇನೆ.

ನಾನು ಅಮ್ಮ ಕರಿಬೇವು ಬಿಡಿಸುವ ಹಾಗೆಯೇ ಚೂರುಗಳನ್ನೆಲ್ಲ ಒಂದೇ ಸಲಕ್ಕೆ ಕಿತ್ತು ಸಾಸಿವೆ ಡಬ್ಬಿಗೆ ತುಂಬಿದೆ. ಯಾವ ಚೂರು ಎಲ್ಲಿಗೆ ಎಂಬ ಅಂಕಿ ಚೂರಿನ ಮೇಲಲ್ಲ, ಕಡ್ಡಿಯ ಮೇಲೆ ಬರೆದಿರುತ್ತದೆ ಎಂದು ಗೊತ್ತಾದದ್ದು ಕಡ್ಡಿಗಳು ಕಸದ ಗಾಡಿಗೆ ಹೋದ ಮೇಲೆ. ಜೊತೆಗೆ ಬಂದಿದ್ದ ಅಂಟಿನ ಟ್ಯೂಬು ಒಣಗಿ ಕಲ್ಲಾಗಿತ್ತು. ನೇಕಾರರ ಮನೆಯ ಹುಡುಗನಿಗೆ ಅಂಟಿಗೇನು ಬರ, ಸೀರೆಗೆ ಹಾಕುವ ಗಂಜಿಯನ್ನೇ ಬಳಿದೆ. ನನ್ನ ಮೊದಲ ವಿಮಾನದಲ್ಲಿ ಪೈಲಟ್ಟು ರೆಕ್ಕೆಯ ಕೆಳಗೆ ಕೂತಿದ್ದ, ಚಕ್ರವೊಂದು ಬೆನ್ನಿನ ಮೇಲಿತ್ತು, ಬೆಳಗಾಗುವುದರೊಳಗೆ ಇಡೀ ವಿಮಾನಕ್ಕೆ ಇರುವೆ ಮುತ್ತಿತ್ತು. ಆದರೂ ಅದನ್ನು ಎದೆಗೆ ಅವುಚಿಕೊಂಡು ಬೀದಿಯ ಎರಡೂ ತುದಿಗೆ ಹೋಗಿಬಂದೆ. ಆ ದಿನದಿಂದ ನಾನು ಇಮಾನದ ಸಂತೋಷ.

ಮಾವ ಬಂದಾಗಲೆಲ್ಲ ಒಂದೊಂದು ಡಬ್ಬಿ ತರತೊಡಗಿದ. ಅಂಟೂ ಒಳ್ಳೆಯದೇ ಬಂತು, ನನಗೂ ಅಂಕಿ ನೋಡುವ ಬುದ್ಧಿ ಬಂತು. ಆದರೆ ನನ್ನ ಒಂದು ವಿಮಾನವೂ ನೆಟ್ಟಗಾಗಲಿಲ್ಲ. ಎಲ್ಲದರ ಎಡರೆಕ್ಕೆಯೂ ಜೋತು ಬೀಳುತ್ತಿತ್ತು. ಕಾರಣ ನಮ್ಮ ಮನೆ. ನಮ್ಮ ಅಪ್ಪ ರಾಮಾಂಜಿನಪ್ಪ ನಡುಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗ ಹಾಕಿದ್ದ. ಅವು ಓಡುವಾಗ ನೆಲ, ಗೋಡೆ, ಗೂಡು, ತಟ್ಟೆಯಲ್ಲಿದ್ದ ಸಾರು, ಎಲ್ಲವೂ ನಡುಗುತ್ತಿದ್ದವು. ಅಂಟು ಹಾಕಿ ಗೂಡಿನಲ್ಲಿಟ್ಟ ವಿಮಾನ ಆ ನಡುಕಕ್ಕೆ ಕೂದಲೆಳೆಯಷ್ಟೇ ಜರುಗುತ್ತಾ ಜರುಗುತ್ತಾ ಅಂಚಿಗೆ ಬಂದು ಕೆಳಗೆ ಬೀಳುತ್ತಿತ್ತು. ನನ್ನ ವಿಮಾನಗಳು ಹಾರಿದ್ದು ಅಷ್ಟೇ ದೂರ, ಗೂಡಿನಿಂದ ನೆಲಕ್ಕೆ. ಬೀಳದೆ ಉಳಿದದ್ದರ ರೆಕ್ಕೆ ಒಣಗುವ ಮುಂಚೆಯೇ ಸಡಿಲಾಗಿ ಬಾಗುತ್ತಿತ್ತು.

"ಅಪ್ಪಾ, ಒಂದೇ ಒಂದು ಗಂಟೆ ನಿಲ್ಸಪ್ಪಾ, ರೆಕ್ಕೆ ಒಣಗ್ಲಿ" ಎಂದು ಮಗ್ಗದ ಸದ್ದಿನ ಮೇಲೆ ಕಿರುಚುತ್ತಿದ್ದೆ.

"ನಿನ್ ಇಮಾನ ಏನ್ ಅನ್ನ ಹಾಕ್ತದಾ?" ಎಂದು ಅಪ್ಪನೂ ಕಿರುಚುತ್ತಿದ್ದ. ನಮ್ಮ ಮನೆಯಲ್ಲಿ ಪ್ರೀತಿಯ ಮಾತನ್ನೂ ಕಿರುಚಿಯೇ ಆಡಬೇಕು. ಈಗಲೂ ನಾನು ಗೋಡೌನಿನಲ್ಲಿ ನೀರು ಕೇಳಿದರೆ ಜಗಳಕ್ಕೆ ಬಂದೆ ಎಂದು ತಿಳಿಯುತ್ತಾರೆ.

ಕರೆಂಟು ಹೋದಾಗ ಮಾತ್ರ ನನಗೆ ಹಬ್ಬ. ಇಡೀ ಬೀದಿ ಜಗುಲಿಗೆ ಬಂದು ಕೆಇಬಿಯವರ ವಂಶವನ್ನೆಲ್ಲ ಎತ್ತಿ ಬೈಯುತ್ತಿದ್ದರೆ, ನಾನೊಬ್ಬ ಒಳಗೆ ಅಂಟಿನ ಟ್ಯೂಬು ಹಿಡಿದು ದೇವರಿಗೆ ಕೈ ಮುಗಿಯುತ್ತಿದ್ದೆ. ಆದರೆ ಕರೆಂಟಿಗೆ ಮರ್ಯಾದೆ ಇರಲಿಲ್ಲ, ರೆಕ್ಕೆ ಅರ್ಧ ಒಣಗಿದಾಗ ಬಂದುಬಿಡುತ್ತಿತ್ತು. ಇಡೀ ದಿನ ಮಗ್ಗ ನಿಲ್ಲುವುದು ಎಂದರೆ ಅಮಾವಾಸ್ಯೆಗೆ. ಆ ದಿನ ನಮ್ಮವರು ನೇಯುವುದಿಲ್ಲ. ಅಮಾವಾಸ್ಯೆಯಂದು ಮನೆ ಎಷ್ಟು ನಿಶ್ಶಬ್ದವಾಗಿರುತ್ತಿತ್ತೆಂದರೆ ಅಮ್ಮನ ಬಳೆಯ ಸದ್ದು ಕೇಳುತ್ತಿತ್ತು. ಅಂಟಿಸಲು ಅಂಥ ದಿನ ಇನ್ನೊಂದಿಲ್ಲ. ಆದರೆ ಅಮ್ಮ ಬಿಡಬೇಕಲ್ಲ. "ಅಮಾಸೆ ದಿನ ಹೊಸಾದು ಶುರು ಮಾಡ್ತಾರೇನೋ? ಅದೂ ಮ್ಯಾಲೆ ಹಾರೋದನ್ನ!" ಎನ್ನುತ್ತಿದ್ದಳು. ಕೊನೆಗೆ ದಾರಿ ಹೇಳಿಕೊಟ್ಟವಳೂ ಅವಳೇ. ಹಿಂದಿನ ದಿನವೇ ಒಂದು ಚೂರಿಗೆ ಒಂದು ಹನಿ ಅಂಟು ಮುಟ್ಟಿಸಿಬಿಟ್ಟರೆ ಕೆಲಸ ಶುರುವಾದ ಲೆಕ್ಕ, ಅಮಾವಾಸ್ಯೆಯ ದಿನ ಬರೀ ಮುಂದುವರಿಸುವುದು. ಕೋರ್ಟಿನಲ್ಲಿ ಇರಬೇಕಿತ್ತು ನಮ್ಮಮ್ಮ ಭಾಗ್ಯಮ್ಮ.

ಹಾಗೆ ಒಂದು ಅಮಾವಾಸ್ಯೆಯಲ್ಲಿ ಹೆಚ್ಚುಕಮ್ಮಿ ನೆಟ್ಟಗಿನ ವಿಮಾನವೊಂದು ತಯಾರಾಯಿತು. ಅದರ ದುರದೃಷ್ಟ, ಸ್ವಲ್ಪ ದಿನಕ್ಕೇ ಆಯುಧಪೂಜೆ ಬಂತು. ಅಪ್ಪ ಮಗ್ಗಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಹೂ ಹಾಕಿ, ನನ್ನ ಕಡೆ ತಿರುಗಿ, "ತಗಂಬಾರ್ಲಾ ನಿನ್ದೂನೂವೆ" ಅಂದ. ಅಪ್ಪ ನನ್ನ ವಿಮಾನಕ್ಕೆ ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಕುಂಕುಮ ಇಟ್ಟ, ಸೇವಂತಿಗೆ ಇಟ್ಟ, ಊದುಬತ್ತಿ ಬೆಳಗಿದ. ಗಾಡಿ ಎಂದ ಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕಲ್ಲ, ಅದನ್ನೂ ಇಟ್ಟ. ಆಮೇಲೆ ಗಾಡಿಯನ್ನು ಮುಂದಕ್ಕೆ ಓಡಿಸಿ ಹಣ್ಣು ಜಜ್ಜಬೇಕಲ್ಲ, ಅಂಗೈಯಿಂದ ವಿಮಾನವನ್ನು ಅದುಮಿ ತಳ್ಳಿದ. ನಿಂಬೆಹಣ್ಣಿಗೆ ಏನೂ ಆಗಲಿಲ್ಲ. ವಿಮಾನ ಹೊಟ್ಟೆಯ ಮೇಲೆ ಕೂತಿತು.

"ಗಟ್ಟಿ ಇಲ್ಲ ಬಿಡು" ಎಂದು ಅಪ್ಪ ಮುಂದಿನ ಮಗ್ಗಕ್ಕೆ ಮಂಗಳಾರತಿ ಎತ್ತಲು ಹೋದ. ನಾನು ಹೋಳಿಗೆ ಮುಟ್ಟದೆ ಅಳುತ್ತಾ ಕೂತೆ, ಮಧ್ಯಾಹ್ನದ ಹೊತ್ತಿಗೆ ಹಸಿವಾಗಿ ಮುಟ್ಟಿದೆ.

ಹೈಸ್ಕೂಲಿಗೆ ಬರುವ ಹೊತ್ತಿಗೆ ಮಾವನಿಗೆ ಮದುವೆಯಾಗಿ ಡಬ್ಬಿ ತರುವುದು ನಿಂತಿತು. ಐಟಿಐ ಮಾಡಿದೆ, ಅದೂ ಇದೂ ಕೆಲಸ ಮಾಡಿದೆ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವಾದಾಗ, ನನಗಾಗಿಯೇ ಸರ್ಕಾರ ಮನೆ ಬಾಗಿಲಿಗೆ ತಂದಿಟ್ಟಿದೆ ಎಂದು ನಂಬಿ ಅರ್ಜಿ ಹಾಕಿದೆ. ಚೀಟಿ ಅಂಟಿಸುವುದಕ್ಕೆ ತೆಗೆದುಕೊಂಡರು. ಅಂಟಿನ ಕೆಲಸದಲ್ಲಿ ಅನುಭವ ಇದೆಯಾ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ಹೇಳಲು ಬಹಳ ಇತ್ತು.

ಈಗಿನ ವಿಷಯಕ್ಕೆ ಬರುತ್ತೇನೆ. ನಾಲ್ಕು ಮಗ್ಗಗಳಲ್ಲಿ ಮೂರು ಒಂದೊಂದಾಗಿ ಹೋದವು. ಒಂದು ಉಳಿದಿದೆ, ಅಪ್ಪನದು. ಅಪ್ಪನಿಗೆ ಎಂಬತ್ತು ಹತ್ತಿರ ಬಂತು. ಮಂಡಿ ಬಾಗುವುದಿಲ್ಲ, ಕಿವಿ ಮಗ್ಗಕ್ಕೆ ಕೊಟ್ಟಾಯಿತು, ಬೆರಳುಗಳು ನಡುಗುತ್ತವೆ. ಆದರೂ ಬೆಳಗಿನ ಆರು ಗಂಟೆಗೆ ಸ್ವಿಚ್ಚು ಒತ್ತಿ ಮಗ್ಗದ ಮುಂದೆ ನಿಂತರೆ ಸಂಜೆಯವರೆಗೆ ನಿಂತೇ ಇರುತ್ತಾನೆ. ಮನೆ ನಡೆಯುವುದಕ್ಕೆ ಅದು ಬೇಕಾಗಿಲ್ಲ. ಶ್ರಾವಣದಲ್ಲಿ ಒಂದು ದಿನ ಮಗ್ಗದಿಂದ ಲಾಳಿ ಹಾರಿತು. ಅತ್ತಿಂದಿತ್ತ ಓಡಾಡಿ ನೂಲು ಎಳೆಯುವ ಲಾಳಿಗೆ ಎರಡೂ ತುದಿಯಲ್ಲಿ ಕಬ್ಬಿಣದ ಮೊನೆ ಇರುತ್ತದೆ. ವಯಸ್ಸಿನಲ್ಲಿದ್ದಾಗ ಅಪ್ಪ ಅಂಥದ್ದಕ್ಕೆ ತಲೆ ಬಗ್ಗಿಸಿ, ಬಾಯಲ್ಲಿದ್ದ ಎಲೆಅಡಿಕೆ ಅಗಿಯುತ್ತಲೇ ಇರುತ್ತಿದ್ದ. ಈ ಸಲ ಸರಿದುಕೊಳ್ಳಲು ಮಂಡಿ ಬಗ್ಗಲಿಲ್ಲ. ಲಾಳಿ ಅವನ ಕಿವಿಯ ಪಕ್ಕದಲ್ಲಿ ಹೋಗಿ ಗೋಡೆಯ ಗಾರೆ ಕಿತ್ತಿತು. ನಮ್ಮ ಮನೆಯಲ್ಲಿ ನಿಜವಾಗಿ ಹಾರಿದ ವಸ್ತು ಅದೊಂದೇ, ಅದೂ ಅಪ್ಪನ ಪ್ರಾಣಕ್ಕೆ ಹಾರಿತು.

ಆವತ್ತಿನಿಂದ ಮನೆಯಲ್ಲಿ ಒಂದೇ ಚಿಂತೆ, ಅಪ್ಪನನ್ನು ಮಗ್ಗದಿಂದ ಬಿಡಿಸುವುದು ಹೇಗೆ. ಡಾಕ್ಟರು ಹೇಳಿದರು. ಅಮ್ಮ ಅತ್ತಳು. ತುಮಕೂರಿನ ಹಾಸ್ಟೆಲಿನಲ್ಲಿ ಓದುವ ಮಗಳು ಸಿಂಚನ ಫೋನಿನಲ್ಲಿ ಗದರಿಸಿದಳು. ನನ್ನ ಹೆಂಡತಿ ಮೇಘನ, ಅಪ್ಪನಿಗೆ ಸ್ವಂತ ಮಗನಿಗಿಂತ ಹತ್ತಿರದವಳು, ಊಟ ಬಿಟ್ಟು ನೋಡಿದಳು. ಅಪ್ಪ ಎಲ್ಲರಿಗೂ ಒಂದೇ ಮಾತು ಹೇಳಿದ. "ಮಗ್ಗ ನಿಂತ್ರೆ ಬೀದಿಯೋರು ಏನಂತಾರೆ? ರಾಮಾಂಜಿನಪ್ಪ ಕೈಲಾಗ್ದೆ ಕುಂತ ಅಂತಾರೆ. ನಾನ್ ಕುಂತಿಲ್ಲ."

ಇದು ನಮ್ಮ ಬೀದಿಯವರಿಗಷ್ಟೇ ಅರ್ಥವಾಗುವ ಕಷ್ಟ. ಇಲ್ಲಿ ಪ್ರತಿ ಮಗ್ಗದ ಸದ್ದೂ ಪ್ರತಿಯೊಬ್ಬರಿಗೂ ಗೊತ್ತು. ಒಂದು ನಿಂತರೆ ಐದು ನಿಮಿಷದಲ್ಲಿ ಬಾಗಿಲಿಗೆ ಬಂದು ಯಾಕೆ ನಿಂತಿತು ಎಂದು ಕೇಳುತ್ತಾರೆ, ಮನೆಯಲ್ಲಿ ಯಾರಾದರೂ ಹೋದರೇನೋ ಎಂಬ ಗಾಬರಿಯಲ್ಲಿ. ಹಾಸಿನ ನೂಲು ಮುಗಿಯಿತು, ಮೋಟರು ಸುಟ್ಟಿತು, ಹೀಗೆ ಏನಾದರೂ ಒಂದು ಕಾರಣ ಕೊಡಲೇಬೇಕು. ವಯಸ್ಸಾಯಿತು ಎಂಬುದನ್ನು ಕಾರಣವಾಗಿ ಹೇಳುವುದಕ್ಕಿಂತ ಲಾಳಿ ತಗಲುವುದೇ ವಾಸಿ ಎಂದು ಅಪ್ಪ ತೀರ್ಮಾನಿಸಿದಂತಿತ್ತು.

ಇಂಥ ಹೊತ್ತಿನಲ್ಲಿ ಮನೆಯ ಜವಾಬ್ದಾರಿಯುತ ಗಂಡಸು ಏನು ಮಾಡಿದ? ವಿಮಾನ ತರಿಸಿದ. ಗೋಡೌನಿನಲ್ಲಿ ಟೀ ಕುಡಿಯುತ್ತಾ ಫೋನು ಉಜ್ಜುತ್ತಿದ್ದಾಗ, ಮೋಡ ಸೀಳಿಕೊಂಡು ಬರುವ ಅದೇ ಚಿತ್ರ ಕಣ್ಣಿಗೆ ಬಿತ್ತು. ಯೋಚನೆ ಮಾಡುವ ಮುಂಚೆಯೇ ಬೆರಳು ಒತ್ತಿಬಿಟ್ಟಿತ್ತು. ಡಬ್ಬಿ ಬಂದ ದಿನ, ಆಫೀಸಿನವರ ಮಗುವಿನ ಹುಟ್ಟುಹಬ್ಬಕ್ಕೆ ಎಂದು ಹೇಳಿದೆ.

"ಯಾವ ಮಗು?" ಎಂದಳು ಮೇಘನ.

"ಇದೆ ಒಂದು."

"ಆ ಮಗುಗೆ ನಲವತ್ನಾಲ್ಕು ವರ್ಷ ಅಲ್ವೇನ್ರೀ?"

ಮಗಳ ಓದುವ ಮೇಜನ್ನು ನಡುಮನೆಯ ಮೂಲೆಗೆ ಎಳೆದುಕೊಂಡು ಕೂತೆ. ಬಾಲ್ಯವನ್ನು ಮತ್ತೆ ಅನುಭವಿಸಬೇಕು ಎನ್ನುವವರಿಗೆ ನನ್ನದೊಂದು ಬುದ್ಧಿಮಾತು, ಮೊದಲು ಕನ್ನಡಕ ಮಾಡಿಸಿಕೊಳ್ಳಿ. ಚೂರುಗಳು ಆಗಿನದಕ್ಕಿಂತ ಚಿಕ್ಕವಾಗಿದ್ದವು ಎಂದು ನಾನು, ಕಣ್ಣು ಆಗಿನದಕ್ಕಿಂತ ಮಂದವಾಗಿದೆ ಎಂದು ಮೇಘನ. ಅವಳ ಹುಬ್ಬು ಕೀಳುವ ಚಿಮಟ ಕದ್ದೆ. ಚಕ್ರವೊಂದು ಕೈತಪ್ಪಿ ಬಿದ್ದದ್ದನ್ನು ಹುಡುಕುತ್ತಾ ಮೇಜಿನ ಕೆಳಗೆ ನಾಲ್ಕು ಕಾಲಿನ ಮೇಲೆ ಹರಿದಾಡಿ, ಏಳುವಾಗ ಸೊಂಟ ಹಿಡಿದುಕೊಂಡು, ಅದೇ ಭಂಗಿಯಲ್ಲಿ ನಿಂತಿದ್ದಾಗ ಅಮ್ಮ ಬಂದು ಬೆನ್ನಿಗೆ ಎಣ್ಣೆ ತಿಕ್ಕಿದಳು. ಚಕ್ರ ನನ್ನ ಬನಿಯನ್ನಿನೊಳಗೆ ಸಿಕ್ಕಿತು. ಇಷ್ಟಾದರೂ ನಿಜ ಹೇಳುತ್ತೇನೆ, ಅಂಟಿನ ಆ ವಾಸನೆ ಮೂಗಿಗೆ ಬಡಿದಾಗ ನನಗೆ ಆದ ಸಂತೋಷ ಸಂಬಳ ಜಾಸ್ತಿಯಾದಾಗಲೂ ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆ ರೆಕ್ಕೆ ಕೂರಿಸಿದೆ. ಎರಡೂ ಸಮವಾಗಿವೆಯೇ ಎಂದು ಗಲ್ಲವನ್ನು ಮೇಜಿಗೆ ಊರಿ ನೋಡಿದೆ, ಸಮವಾಗಿದ್ದವು. ಅಷ್ಟರಲ್ಲಿ ಅಪ್ಪ ಸ್ವಿಚ್ಚು ಒತ್ತಿದ. ಮೇಜು ನಡುಗಿತು. ನನ್ನ ಕಣ್ಣೆದುರಿಗೇ ಎಡರೆಕ್ಕೆ ಸಣ್ಣಗೆ ಕದಲಿ, ಮೆಲ್ಲಗೆ ಬಾಗಿ, ಮೂವತ್ತೈದು ವರ್ಷದ ಹಿಂದೆ ಬಾಗುತ್ತಿದ್ದ ಜಾಗಕ್ಕೇ ಬಂದು ನಿಂತಿತು.

ನನಗೆ ಏನಾಯಿತೋ ಗೊತ್ತಿಲ್ಲ. ಲಾಳಿ ಹಾರಿದಾಗ ಬಾರದ ಸಿಟ್ಟು ಬಂತು. ಎದ್ದು ಹೋಗಿ ಅಪ್ಪನ ಕಿವಿಯ ಹತ್ತಿರ ಕಿರುಚಿದೆ. "ಒಂದು ದಿನ ನಿಲ್ಸಕ್ಕಾಗಲ್ವೇನಪ್ಪಾ ನಿಂಗೆ? ಚಿಕ್ಕುಡುಗ ಆಗಿದ್ದಾಗಿಂದ ಕೇಳ್ತಾ ಇದೀನಿ! ಒಂದು ರೆಕ್ಕೆ, ಒಂದೇ ಒಂದು ರೆಕ್ಕೆ ನೆಟ್ಟಗೆ ಒಣಗಕ್ಕೆ ಬಿಟ್ಟಿದ್ದೀಯಾ?"

ಅಪ್ಪನ ಜೀವದ ಬಗ್ಗೆ ಹೇಳಬೇಕಾದ ಮಗ, ತಲೆಯಲ್ಲಿ ಬಿಳಿಕೂದಲು ಇಟ್ಟುಕೊಂಡು, ಆಟದ ಸಾಮಾನಿಗಾಗಿ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಮತ್ತು ಮೇಘನ ಮುಖ ಮುಖ ನೋಡಿಕೊಂಡರು. ಅಪ್ಪ ನನ್ನನ್ನು ಒಂದು ಸಲ ನೋಡಿದ, ಮೇಜಿನ ಮೇಲಿದ್ದ ವಿಮಾನವನ್ನು ಒಂದು ಸಲ ನೋಡಿದ. ಕೈ ಚಾಚಿ ಸ್ವಿಚ್ಚು ಆರಿಸಿದ.

"ಒಣಗಿಸ್ಕೋ" ಅಂದ.

ನಾನು ರೆಕ್ಕೆ ಎತ್ತಿ ಮತ್ತೆ ನೆಟ್ಟಗೆ ಕೂರಿಸಿ ಐದು ನಿಮಿಷ ಕೂಡ ಆಗಿರಲಿಲ್ಲ, ಎದುರುಮನೆಯ ಅಪ್ಪಯ್ಯಣ್ಣ ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದ. ಅಪ್ಪನ ಓರಗೆಯವನು, ಬೀದಿಯ ಸುದ್ದಿಯೆಲ್ಲ ಅವನ ಬಾಯಿಂದಲೇ ಹೊರಡುವುದು. "ಯಾಕೆ ರಾಮಾಂಜಿನಪ್ಪಾ, ನಿಂತೋಯ್ತು? ಹುಸಾರಾಗಿದ್ದೀಯಾ?"

"ನಂಗೇನಾಗೈತೆ? ನಮ್ಮುಡುಗಂದು ಇಮಾನ ಒಣಗ್ಬೇಕಂತೆ. ಮಗ್ಗ ಓಡಿದ್ರೆ ರೆಕ್ಕೆ ಬಾಗ್ತದಂತೆ. ಅಳ್ತಾ ಕುಂತವ್ನೆ."

ಅಪ್ಪಯ್ಯಣ್ಣ ನನ್ನ ಕಡೆ ನೋಡಿದ. ಆ ನೋಟವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮಾರ್ಕೆಟ್ಟಿನವರೆಗೂ ಹೋಗಿತ್ತು. ಸಂಜೆ ಹಾಲಿಗೆ ಹೋದಾಗ ಡೈರಿಯ ಮಾರಕ್ಕ, "ರೆಕ್ಕೆ ಒಣಗ್ತಾ ಸಂತೋಷಣ್ಣಾ?" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಅಪ್ಪ ಮಗ್ಗದ ಹತ್ತಿರ ಹೋಗಿ ನಿಂತ. "ಒಣಗ್ತಾ?" ಅಂದ. ಅಂಟು ಒಣಗಿ ಎಷ್ಟೋ ಹೊತ್ತಾಗಿತ್ತು. ಆಯಿತು ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಮೇಘನ ನನ್ನ ಕಾಲು ತುಳಿದಳು, ಸುಮ್ಮನೆ ಅಲ್ಲ, ಹಿಮ್ಮಡಿಯಿಂದ.

"ಇಲ್ಲ ಮಾವ, ಇನ್ನೂ ಹಸಿ ಐತಂತೆ" ಅಂದಳು ಅವಳೇ.

"ಸರಿ ಹಂಗಾರೆ" ಎಂದು ಅಪ್ಪ ಜಗುಲಿಗೆ ಹೋಗಿ ಕೂತ.

ಹೀಗೆ ಶುರುವಾಯಿತು ನಮ್ಮ ಪಿತೂರಿ. ಅಮ್ಮ, ಮೇಘನ, ನಾನು, ಮೂವರೂ ಒಂದು. ಅಪ್ಪನಿಗೆ ಬೀದಿಗೆ ಹೇಳಲು ಒಂದು ಕಾರಣ ಬೇಕಿತ್ತು, ನನ್ನ ವಿಮಾನ ಸಿಕ್ಕಿತ್ತು. ಅದು ಮುಗಿಯಬಾರದು, ಅಷ್ಟೇ. ನಾನು ಆವತ್ತೊಂದು ಚಕ್ರ, ಮತ್ತೊಂದು ದಿನ ಒಂದು ಕಿಟಕಿ ಎಂದು ಎಳೆದೆ. ಬಣ್ಣದ ಮೇಲೆ ಬಣ್ಣ ಬಳಿದೆ, ಉಜ್ಜಿ ತೆಗೆದೆ, ಮತ್ತೆ ಬಳಿದೆ. ಜೀವನದಲ್ಲಿ ಮೊದಲ ಬಾರಿಗೆ ಮನೆಯ ಹೆಂಗಸರು ನನ್ನ ವಿಮಾನದ ಕೆಲಸಕ್ಕೆ ಬಿಸಿಬಿಸಿ ಬೋಂಡ ತಂದುಕೊಟ್ಟರು. ಅಪ್ಪನಂಥ ಅಪ್ಪನನ್ನು ಹೇಗೆ ಯಾಮಾರಿಸಿಬಿಟ್ಟೆ ಎಂದು ನನಗೆ ನನ್ನ ಮೇಲೆ ಬಹಳ ಹೆಮ್ಮೆ ಬಂತು.

ಅಪ್ಪ ದಿನವೂ ಬೆಳಿಗ್ಗೆ ಕೇಳುತ್ತಿದ್ದ, ನಾನು ಇನ್ನೂ ಇಲ್ಲ ಎನ್ನುತ್ತಿದ್ದೆ, ಅವನು ಉಸ್ಸೆಂದು ಜಗುಲಿಯಲ್ಲಿ ಕೂತು ಹೋಗಿಬರುವವರ ಮುಂದೆಲ್ಲ ನನ್ನನ್ನು ಬೈಯುತ್ತಿದ್ದ. "ನಾನೇನೋ ಓಡ್ಸಣ ಅಂತೀನಿ, ಈ ಮುಂಡೇಮಗ ಬಿಡ್ತಾ ಇಲ್ಲ." ಬೀದಿಯಲ್ಲಿ ಅಪ್ಪನ ಬಗ್ಗೆ ಎಲ್ಲರಿಗೂ ಅನುಕಂಪ, ನನ್ನನ್ನು ಕಂಡರೆ ನಗು. ನಾನು ಬಸ್‌ಸ್ಟ್ಯಾಂಡಿಗೆ ಸುತ್ತುದಾರಿಯಲ್ಲಿ ಹೋಗತೊಡಗಿದೆ. ಆದರೆ ಅಪ್ಪನ ಮಂಡಿಯ ಊತ ಇಳಿಯಿತು. ಮಧ್ಯಾಹ್ನ ಮಲಗುವುದು ಕಲಿತ. ಒಂದು ದಿನ ಅಪ್ಪಯ್ಯಣ್ಣನ ಜೊತೆ ತೂಬಗೆರೆ ಬಸ್ಸು ಹತ್ತಿ ಘಾಟಿ ದೇವಸ್ಥಾನಕ್ಕೆ ಹೋಗಿ, ಪ್ರಸಾದದ ಜೊತೆಗೆ ಅಮ್ಮನಿಗೆ ಬಳೆ ತಂದ. ಅಮ್ಮ ಆ ಬಳೆ ತೊಟ್ಟು, ಕಾರಣವಿಲ್ಲದೆ ಪಾತ್ರೆ ತೊಳೆಯುತ್ತಾ ನಿಂತಿದ್ದಳು.

ಎಲ್ಲವನ್ನೂ ಕೆಡಿಸಿದವನು ನಾನೇ. ಬಣ್ಣ ಎಷ್ಟು ಸಲ ಬಳಿಯಲಾದೀತು? ಕೊನೆಗೆ ಉಳಿದದ್ದು ನೀರಿನಲ್ಲಿ ನೆನೆಸಿ ರೆಕ್ಕೆಗೆ ಅಂಟಿಸುವ ಗುರುತಿನ ಚೀಟಿಗಳು ಮಾತ್ರ. "ಅದೊಂದು ಬಿಟ್ಬಿಡ್ರಿ, ಪರವಾಗಿಲ್ಲ" ಎಂದಳು ಮೇಘನ. ಹೌದು, ಬಿಡಬೇಕಿತ್ತು. ಆದರೆ ಚೀಟಿ ಅಂಟಿಸುವುದು ನನ್ನ ಕಸುಬು, ಅದನ್ನು ಕಂಡು ಕೈ ಸುಮ್ಮನಿರಲಿಲ್ಲ. ಒಂದೂ ಸುಕ್ಕಿಲ್ಲದೆ ಅಂಟಿಸಿದೆ. ದೂರ ಹಿಡಿದು ನೋಡಿದೆ. ಎಡರೆಕ್ಕೆ, ಬಲರೆಕ್ಕೆ, ಬಾಲ, ಎಲ್ಲವೂ ನೆಟ್ಟಗೆ. ಹುಟ್ಟಿದ ಮೇಲೆ ನಾನು ಮಾಡಿದ ಮೊದಲ ನೆಟ್ಟಗಿನ ವಿಮಾನ. ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ನಾನು ಮಾಡಿದ್ದು ಎಂದು ನನಗೇ ನಂಬಿಕೆ ಬರಲಿಲ್ಲ.

ಆಗಲೇ ಪೇಪರು ವಾಪಸು ಕೊಡಲು ಅಪ್ಪಯ್ಯಣ್ಣ ಒಳಗೆ ಬಂದ. "ಎಲಾ ಇವ್ನಾ! ನಿಜವಾದ್ದರಂಗೇ ಐತಲ್ಲೋ! ಮುಗೀತಾ?"

ಮೂವತ್ತೈದು ವರ್ಷ ಈ ಬೀದಿ ನನ್ನನ್ನು ನೋಡಿ ನಕ್ಕಿತ್ತು. ನಾನು ಎದೆ ಉಬ್ಬಿಸಿ, "ಮುಗೀತು ಅಣ್ಣಾ! ನೋಡು, ಒಂದು ನೂಲಷ್ಟು ಬಾಗಿಲ್ಲ" ಅಂದೆ.

ಅಂದ ಮೇಲೆ ಗೊತ್ತಾಯಿತು. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಜಗುಲಿಯ ಮೇಲಿದ್ದ ಅಪ್ಪ ನಿಧಾನವಾಗಿ ತಿರುಗಿದ.

"ಸದ್ಯ ಮುಗೀತಲ್ಲ ರಾಮಾಂಜಿನಪ್ಪಾ" ಎಂದ ಅಪ್ಪಯ್ಯಣ್ಣ, "ನಾಳಿಂದ ಮಗ್ಗ ಓಡ್ಸು."

"ಓಡ್ಸದೇ ಮತ್ತೆ" ಅಂದ ಅಪ್ಪ. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಬಂದು, ಎಣ್ಣೆಯ ಡಬ್ಬಿ ತೆಗೆದು ಮಗ್ಗದ ಕೀಲುಗಳಿಗೆ ಹನಿ ಹನಿ ಬಿಟ್ಟ. ಕೈ ನಡುಗಿ ಅರ್ಧ ಎಣ್ಣೆ ನೆಲಕ್ಕೆ ಬಿತ್ತು. ನಾನು ಒರೆಸಲು ಹೋದರೆ, "ನೀನ್ ಇಮಾನ ನೋಡ್ಕೋ ಹೋಗು" ಅಂದ. ಊಟಕ್ಕೆ ಕೂತಾಗ ಅಮ್ಮ ನನ್ನ ತಟ್ಟೆಗೆ ಮುದ್ದೆಯನ್ನು ಹಾಕಲಿಲ್ಲ, ಎಸೆದಳು. ಮೇಘನ ಸಾರಿನ ಪಾತ್ರೆಯನ್ನು ನನ್ನಿಂದ ದೂರ ಸರಿಸಿದಳು. ಗಾರೆ ಕಿತ್ತುಹೋದ ಗೋಡೆ ನನ್ನ ಎದುರಿಗೇ ಇತ್ತು. ಒಂದು ಶಭಾಷ್‌ಗೋಸ್ಕರ ಅಪ್ಪನನ್ನು ಮತ್ತೆ ಆ ಮಗ್ಗದ ಮುಂದೆ ನಿಲ್ಲಿಸಿದವನು ನಾನು. ಅವನಿಗೆ ಏನಾದರೂ ಆದರೆ ಈ ವಿಮಾನವನ್ನು ಯಾವ ಮುಖ ಇಟ್ಟುಕೊಂಡು ನೋಡಲಿ ಎಂದು ಭಯವಾಯಿತು.

ಬೆಳಿಗ್ಗೆ ಎಚ್ಚರವಾದಾಗ ಬೆಳಕು ಚೆನ್ನಾಗಿ ಹರಿದಿತ್ತು. ಬೀದಿಯ ಮಗ್ಗಗಳೆಲ್ಲ ಓಡುತ್ತಿದ್ದವು. ನಮ್ಮದರ ಸದ್ದಿಲ್ಲ. ಎದ್ದುಬಿದ್ದು ನಡುಮನೆಗೆ ಓಡಿದೆ.

ಅಪ್ಪ ಸಿಂಚನಳ ಓದುವ ಮೇಜಿನ ಮುಂದೆ ಕುರ್ಚಿಯಲ್ಲಿ ಕೂತಿದ್ದ. ಮೇಜಿನ ಮೇಲೆ ವಿಮಾನ ಇತ್ತು. ಅದರ ಬಾಲ ಬೇರೆಯಾಗಿ ಪಕ್ಕದಲ್ಲಿತ್ತು.

"ಬೆಕ್ಕು ಬಂದಿತ್ತು ಕಣಪ್ಪಾ" ಅಂದ ಅಪ್ಪ. "ಬೀಳುಸ್ಬಿಡ್ತು."

ಮೊದಲು ನನಗೆ ಬಂದದ್ದು ಸಿಟ್ಟೇ. ಬೆಕ್ಕಿಗಾಗಿ ಸುತ್ತಲೂ ಕಣ್ಣಾಡಿಸಿಯೂಬಿಟ್ಟೆ, ಅಷ್ಟು ದಡ್ಡ ನಾನು. ಆಮೇಲೆ ನೆನಪಾಯಿತು, ಮಗ್ಗಗಳ ಈ ಸದ್ದಿಗೆ ನಮ್ಮ ಬೀದಿಯಲ್ಲಿ ಯಾವ ಬೆಕ್ಕೂ ನಿಲ್ಲುವುದಿಲ್ಲ. ಬಾಲವನ್ನು ಕೈಗೆತ್ತಿಕೊಂಡೆ. ಅದು ಬಿದ್ದು ಮುರಿದದ್ದಲ್ಲ. ಅಂಟು ಹಾಕಿದ ಗೆರೆಗೆ ಸರಿಯಾಗಿ, ಒಂದು ಕಡೆಯೂ ಚಕ್ಕೆ ಏಳದ ಹಾಗೆ, ಬಣ್ಣ ಕೆಡದ ಹಾಗೆ, ಯಾರೋ ಬ್ಲೇಡು ಹಿಡಿದು ಬಹಳ ಹೊತ್ತು ಕೂತು ಬಿಡಿಸಿದ್ದು. ಮತ್ತೆ ಅಂಟಿಸಲು ನನಗೆ ಕಷ್ಟವಾಗಬಾರದು ಎಂಬ ಎಚ್ಚರದಿಂದ ಬಿಡಿಸಿದ್ದು. ನಡುಗುವ ಆ ಬೆರಳುಗಳಿಗೆ ಅದಕ್ಕೆ ಎಷ್ಟು ಹೊತ್ತು ಹಿಡಿಯಿತೋ.

ಯಾಮಾರಿಸುತ್ತಿದ್ದೇನೆ ಎಂದುಕೊಂಡಿದ್ದ ನಾನು, ಅಷ್ಟು ದಿನವೂ ಅವನ ಕಣ್ಣೆದುರಿಗೆ ಎಂಥ ಕೋಡಂಗಿಯಾಗಿದ್ದೆ! ಅಪ್ಪನಿಗೆ ಸುಸ್ತಾಗಿತ್ತು. ಎಂದೋ ಸುಸ್ತಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಬಾರದೆ ಕಾದಿದ್ದ, ಅಷ್ಟೇ. ಚಿಕ್ಕವನಿದ್ದಾಗ ಹಿಡಿಯುತ್ತಿದ್ದ ಹಾಗೆ ಅವನ ಪಂಚೆಯ ತುದಿ ಹಿಡಿದುಕೊಳ್ಳಬೇಕು ಎನಿಸಿತು, ಹಿಡಿದಿದ್ದರೆ ಒದೆಯುತ್ತಿದ್ದ.

"ಎಷ್ಟು ದಿನ ಹಿಡೀತದೆ?" ಅಂದ, ನನ್ನ ಮುಖ ನೋಡದೆ.

"ಬಾಲ ಅಲ್ವೇನಪ್ಪಾ. ಜಾಸ್ತಿನೇ ಹಿಡೀತದೆ."

"ಹಿಡೀಲಿ ಬಿಡು. ಅವಸರ ಮಾಡ್ಬೇಡ."

ಮೇಜು ಹಿಡಿದು ಎದ್ದ. ಮಗ್ಗದ ಮೇಲೆ ಅಮ್ಮನ ಹಳೆಯ ಸೀರೆಯೊಂದನ್ನು ಹೊದಿಸಿ, ನಾಲ್ಕೂ ಕಡೆ ಸರಿಮಾಡಿ, ಜಗುಲಿಗೆ ಹೋಗಿ ಕೂತ. ಎದುರುಮನೆಯ ಬಾಗಿಲು ತೆಗೆದ ಸದ್ದು ಕೇಳಿತು. ಅಪ್ಪಯ್ಯಣ್ಣ ಕೇಳುವುದಕ್ಕೂ ಕಾಯದೆ ಅಪ್ಪನೇ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ.

"ಮತ್ತೆ ಕಿತ್ಕಂಡದೆ ಕಣೋ! ನಂಗೇನೋ ಓಡ್ಸೋ ಆಸೆ, ಏನ್ ಮಾಡ್ಲಿ? ನಮ್ಮುಡುಗಂಗೆ ಒಂದು ಇಮಾನ ನೆಟ್ಟಗೆ ಅಂಟ್ಸಕ್ಕೆ ಬರಾಕಿಲ್ಲ!"

ಬೀದಿಯಲ್ಲಿ ಯಾರುಯಾರೋ ನಕ್ಕರು. ನಾನು ಅಂಟಿನ ಟ್ಯೂಬನ್ನು ಡ್ರಾಯರಿನೊಳಕ್ಕೆ ತಳ್ಳಿ, ಒಳಗಿನಿಂದಲೇ ಅಪ್ಪನಿಗಿಂತ ಜೋರಾಗಿ ಕೂಗಿದೆ.

"ಹೂ ಕಣಣ್ಣಾ, ನಂಗೆ ಬರಾಕಿಲ್ಲ!"